ಹನಿ ಸೋರಿದರೆ ಸೋರಲಿ

ಇಡಗುಂದಿಯಲ್ಲಿ ‘ಪ್ರೊಪೆಲ್ಲರ್ ಶಾಫ್ಟ್’ ಎಂದರೆ ಯಾರಿಗೂ ಸಮುದ್ರ ನೆನಪಾಗುವುದಿಲ್ಲ. ಅರಬೈಲ್ ಘಟ್ಟದಲ್ಲಿ ಕೆಟ್ಟು ನಿಂತ ಲಾರಿಯ ಹೊಟ್ಟೆಯಡಿ, ಗೇರ್‌ಬಾಕ್ಸಿನಿಂದ ಹಿಂದಿನ ಹೌಸಿಂಗಿಗೆ ಹೋಗುವ ಉದ್ದನೆಯ ಕೊಳವೆಯೇ ನಮಗೆ ಪ್ರೊಪೆಲ್ಲರ್ ಶಾಫ್ಟ್. ಹಾಗಾಗಿ ಮುಂಬೈಯಲ್ಲಿರುವ ಅಕ್ಕನ ಮಗ ಫೋನ್ ಮಾಡಿ, “ಮಾವಾ, ಮೂರು ಜನ ಸೇರಿ ಒಂದು ಹಳೇ ಹಾಯಿದೋಣಿ ತಗಳವು ಹೇಳಿ ಮಾಡಿದ್ಯ. ಅದರ ಪ್ರೊಪೆಲ್ಲರ್ ಶಾಫ್ಟ್ ನೋಡದು ಹ್ಯಾಂಗೆ?” ಎಂದಾಗ ನಗು ಬಂತು. ಅಡಿಕೆ ತೋಟಗಳ ಡೀಸೆಲ್ ಪಂಪ್‌ಸೆಟ್ಟಿನ ಜೊತೆ ಆಯುಷ್ಯ ಕಳೆದವನು ನಾನು. ಆದರೆ ಕಾರವಾರದ ಬೈತಖೋಲದಲ್ಲಿ ಮಳೆಗಾಲಕ್ಕೆ ಮೇಲೆಳೆದ ಬೋಟುಗಳ ಕೆಳಗೆ ಕೂತು ಕೆಲಸ ನೋಡಿದ್ದೂ ಉಂಟು. ಪಂಪಿಗೂ ದೋಣಿಗೂ ನೆಂಟಸ್ತಿಕೆ ನಾವು ತಿಳಿದದ್ದಕ್ಕಿಂತ ಹತ್ತಿರದ್ದು. ಎರಡರ ಬಗ್ಗೆ ಜನ ಇಟ್ಟುಕೊಂಡಿರುವ ತಪ್ಪು ನಂಬಿಕೆಗಳೂ ಹೆಚ್ಚು ಕಡಿಮೆ ಒಂದೇ.

ಅವನ ಮೊದಲ ದೂರು ಇದು: ಶಾಫ್ಟ್ ದೋಣಿಯಿಂದ ಹೊರಗೆ ಹೋಗುವಲ್ಲಿ ನೀರು ತೊಟ್ಟಿಕ್ಕುತ್ತದೆ, ಇದು ಕೆಟ್ಟ ದೋಣಿ. ನಮ್ಮ ತೋಟದಲ್ಲೂ ಇದೇ ಮಾತು. “ಗ್ಲ್ಯಾಂಡ್ ಸೋರ್ತಾ ಇದ್ದು, ಇನ್ನೊಂದು ಸುತ್ತು ಬಿಗಿ ಮಾಡು.” ಬಿಗಿ ಮಾಡಿದವನು ಮುಂದಿನ ವರ್ಷ ಹೊಸ ಶಾಫ್ಟಿಗೆ ದುಡ್ಡು ಎಣಿಸುತ್ತಾನೆ. ಗ್ಲ್ಯಾಂಡ್ ಎಂದರೆ ಶಾಫ್ಟ್ ಹಾದುಹೋಗುವ ತೂತಿನಲ್ಲಿ ನೀರು ತಡೆಯುವ ಜೋಡಣೆ. ಅದರೊಳಗೆ ಸುತ್ತಿರುವ ಮೇಣ ಹಾಕಿದ ದಾರಕ್ಕೂ ತಿರುಗುವ ಉಕ್ಕಿಗೂ ನಡುವೆ ತಂಪು ಕೊಡುವುದು, ಜಾರಿಕೆ ಕೊಡುವುದು ಆ ನೀರೇ. ಎಂಜಿನ್ ಓಡುವಾಗ ನಿಮಿಷಕ್ಕೆ ಎರಡು ಮೂರು ಹನಿ ಬೀಳಲೇಬೇಕು. ನಿಂತಾಗ ಬೀಳಬಾರದು, ಬಿದ್ದರೂ ಅಪರೂಪಕ್ಕೆ. ಹನಿ ಪೂರ್ತಿ ನಿಂತು, ಕೈಯಿಟ್ಟರೆ ಗ್ಲ್ಯಾಂಡ್ ಸುಡುತ್ತಿದ್ದರೆ, ಒಳಗೆ ದಾರ ಕರಕಲಾಗಿ ಶಾಫ್ಟಿಗೆ ಗೀರು ಹಾಕುತ್ತಿದೆ ಎಂದೇ ಲೆಕ್ಕ. ಗೀರು ಬಿದ್ದ ಶಾಫ್ಟಿಗೆ ಎಷ್ಟು ಹೊಸ ದಾರ ಸುತ್ತಿದರೂ ಸೋರುವುದು ನಿಲ್ಲುವುದಿಲ್ಲ. ಹೆದರಬೇಕಾದದ್ದು ಹನಿಗಲ್ಲ, ಗ್ಲ್ಯಾಂಡನ್ನು ದೋಣಿಯ ಕೊಳವೆಗೆ ಜೋಡಿಸುವ ರಬ್ಬರ್ ಹೋಸಿಗೆ. ಅದು ಬಿರುಕು ಬಿಟ್ಟು, ಕ್ಲಿಪ್ಪು ತುಕ್ಕು ಹಿಡಿದಿದ್ದರೆ ದೋಣಿ ಒಂದೇ ರಾತ್ರಿಯಲ್ಲಿ ತಳ ಕಾಣುತ್ತದೆ. ಕಣ್ಣೆಲ್ಲ ಹನಿಯ ಮೇಲೆ, ಹೋಸನ್ನು ಕೇಳುವವರಿಲ್ಲ.

ಹೊರಗೆ, ಪ್ರೊಪೆಲ್ಲರಿನ ಪಕ್ಕದಲ್ಲಿ, ಶಾಫ್ಟನ್ನು ಹಿಡಿದಿರುವ ರಬ್ಬರ್ ಬೇರಿಂಗಿಗೂ ನೀರೇ ಎಣ್ಣೆ. ಒಳಗಿನ ಉದ್ದುದ್ದ ತೋಡುಗಳಲ್ಲಿ ಸಮುದ್ರದ ನೀರು ಹರಿಯುತ್ತಿರಬೇಕು. ಪ್ರೀತಿಯಿಂದ ಗ್ರೀಸು ತುಂಬಿದರೆ ನೀರಿನ ಆ ದಾರಿಯೇ ಕಟ್ಟಿಹೋಗುತ್ತದೆ.

“ಶಾಫ್ಟ್ ಸ್ಟೇನ್‌ಲೆಸ್ ಸ್ಟೀಲಿಂದು, ತುಕ್ಕಿನ ಮಾತೇ ಇಲ್ಲ” ಎಂದು ಮಾರುವವನು ಹೇಳಿದನಂತೆ. ಸ್ಟೀಲ್ ಲೋಟ ತುಕ್ಕು ಹಿಡಿಯದ್ದನ್ನು ದಿನಾ ನೋಡುವ ನಾವು ಇದನ್ನು ನಂಬಿಬಿಡುತ್ತೇವೆ. ಆ ಲೋಹದಲ್ಲಿರುವ ಕ್ರೋಮಿಯಂ ಗಾಳಿಯ ಆಮ್ಲಜನಕದ ಜೊತೆ ಸೇರಿ ಮೈಮೇಲೆ ಕಾಣದಷ್ಟು ತೆಳುವಾದ ಪೊರೆ ಕಟ್ಟುತ್ತದೆ. ಲೋಟವನ್ನು ಕಾಯುವುದು ಆ ಪೊರೆ. ಗೀರು ಬಿದ್ದರೆ ಮತ್ತೆ ಕಟ್ಟಿಕೊಳ್ಳುತ್ತದೆ, ಆದರೆ ಅದಕ್ಕೆ ಆಮ್ಲಜನಕ ಬೇಕು. ತಿಂಗಳುಗಟ್ಟಲೆ ತಿರುಗದ ದೋಣಿಯಲ್ಲಿ, ಗ್ಲ್ಯಾಂಡಿನೊಳಗೆ ಸಿಕ್ಕಿಬಿದ್ದ ಉಪ್ಪುನೀರಿನಲ್ಲಿ ಆಮ್ಲಜನಕ ಮುಗಿಯುತ್ತದೆ. ಪೊರೆ ಹರಿದಲ್ಲಿ ಹರಿದೇ ಇರುತ್ತದೆ. ಸಣ್ಣ ತೂತು ಒಳಗೊಳಗೇ ಆಳವಾಗುತ್ತದೆ. ಹೊರಗೆ ಕನ್ನಡಿಯಂತೆ ಹೊಳೆಯುವ ಶಾಫ್ಟ್, ಗ್ಲ್ಯಾಂಡಿನಿಂದ ಎಳೆದು ನೋಡಿದರೆ ಗೆದ್ದಲು ತಿಂದ ಅಡಿಕೆ ದಬ್ಬೆ. ಆದ್ದರಿಂದ ಕೊಳ್ಳುವ ಮೊದಲು ಶಾಫ್ಟನ್ನು ಹಿಂದಕ್ಕೆ ಸರಿಸಿ, ಗ್ಲ್ಯಾಂಡಿನಲ್ಲಿ ಮತ್ತು ಬೇರಿಂಗಿನಲ್ಲಿ ಅಡಗಿದ ಭಾಗವನ್ನೇ ನೋಡಬೇಕು. ಹೊಳೆಯುವ ಭಾಗ ನೋಡಲು ಮೆಕ್ಯಾನಿಕ್ ಬೇಕಾಗಿಲ್ಲ.

ಪ್ರೊಪೆಲ್ಲರಿನ ಫೋಟೋ ಕಳಿಸಿದ್ದ. “ನೋಡು ಮಾವಾ, ಉಜ್ಜಿದರೆ ತಾಮ್ರದ ಬಣ್ಣ!” ಎಂಬ ಹೆಮ್ಮೆ ಬೇರೆ. ನನಗೆ ಅಜ್ಜಿಮನೆಯ ಅಡುಗೆಮನೆ ನೆನಪಾಯಿತು. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಪದಾರ್ಥ ಬಹಳ ಹೊತ್ತು ಉಳಿದರೆ ಹಳದಿ ಲೋಹದಲ್ಲಿ ಕೆಂಪು ಕಲೆ ಬೀಳುತ್ತಿತ್ತು. ಹಿತ್ತಾಳೆಯೊಳಗಿನ ಸತು ಕರಗಿಹೋಗಿ ತಾಮ್ರ ಮಾತ್ರ ಉಳಿದ ಗುರುತು ಅದು. ದೋಣಿಯ ಪ್ರೊಪೆಲ್ಲರಿಗೂ ಇದೇ ಗತಿ. ಅದನ್ನು ‘ಮ್ಯಾಂಗನೀಸ್ ಕಂಚು’ ಎಂದು ಕರೆದು ಮಾರುತ್ತಾರೆ. ಹೆಸರು ಕಂಚಿನದು, ಜಾತಿ ಹಿತ್ತಾಳೆಯದು. ನೂರಕ್ಕೆ ನಲವತ್ತರ ಹತ್ತಿರ ಸತುವೇ ಇರುತ್ತದೆ. ಉಪ್ಪುನೀರು ಆ ಸತುವನ್ನು ಹೀರಿದ ಮೇಲೆ ಉಳಿಯುವುದು ಸ್ಪಂಜಿನಂಥ ನಸುಗೆಂಪು ತಾಮ್ರ. ರೆಕ್ಕೆಯ ಆಕಾರ ಹಾಗೇ ಇರುತ್ತದೆ, ಕಸುವು ಇರುವುದಿಲ್ಲ. ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಒಳ್ಳೆಯ ರೆಕ್ಕೆ ದೇವರ ಗಂಟೆಯ ಹಾಗೆ ನಾದ ಕೊಡುತ್ತದೆ. ‘ದಬ್’ ಎಂದರೆ ಬಿರುಕು ಬಿಟ್ಟಿದೆ ಅಥವಾ ಸತು ಹೋಗಿದೆ. ತಟ್ಟಿಸಿ ನೋಡಿದರೆ ಇವನ ರೆಕ್ಕೆಗಳಲ್ಲಿ ಒಂದು ದಬ್ ಎಂದಿತು.

ಇದನ್ನು ತಡೆಯಲೆಂದೇ ಶಾಫ್ಟಿಗೆ ಸತುವಿನ ಗುಂಡು ಕಟ್ಟುವುದು. ಪ್ರೊಪೆಲ್ಲರಿನ ಬದಲು ಅದು ತಾನು ಕರಗುತ್ತದೆ. ಅಂದ ಮೇಲೆ ಸತು ಸವೆದಿದ್ದನ್ನು ಕಂಡು ಕಂಗಾಲಾಗುವುದೂ, ಚಂದ ಕಾಣಲೆಂದು ಅದಕ್ಕೆ ಬಣ್ಣ ಬಳಿಯುವುದೂ ಎಂಥ ಕೆಲಸ! ಬಣ್ಣ ಬಳಿದ ಸತು ಹಸಿದ ಹುಲಿಯೆದುರು ಬೋನಿನೊಳಗೆ ಕೂಡಿಟ್ಟ ಕುರಿ. ಅರ್ಧ ಸವೆದಾಗ ಬದಲಿಸಬೇಕು. ಎರಡು ವರ್ಷವಾದರೂ ಹೊಸದರಂತೆ ಇದ್ದರೆ ಆಗಲೇ ಚಿಂತೆ ಮಾಡಬೇಕಾದದ್ದು: ಲೋಹಕ್ಕೆ ಲೋಹ ಸರಿಯಾಗಿ ತಾಗಿಲ್ಲ.

ಇನ್ನು ಎಂಜಿನ್. “ಮೂವತ್ತು ವರ್ಷದಲ್ಲಿ ಓಡಿದ್ದು ಬರೀ 600 ಗಂಟೆ” ಎಂಬುದು ಜಾಹೀರಾತಿನ ದೊಡ್ಡಕ್ಷರ. ವರ್ಷಕ್ಕೆ 20 ಗಂಟೆ! ನಾನಾದರೆ 6000 ಗಂಟೆ ದುಡಿದು ಹೊತ್ತಿಗೆ ಸರಿಯಾಗಿ ಎಣ್ಣೆ ಕಂಡ ಎಂಜಿನ್ನನ್ನೇ ಆರಿಸುತ್ತೇನೆ. ಡೀಸೆಲ್ ಎಂಜಿನ್ ದುಡಿದು ಸಾಯುವುದು ಅಪರೂಪ. ಕೂತಲ್ಲೇ ಕೆಡುತ್ತದೆ. ಸಿಲಿಂಡರಿನೊಳಗೆ ತೇವ, ಟ್ಯಾಂಕಿನ ತಳದಲ್ಲಿ ನೀರು, ನೀರಿಗೂ ಡೀಸೆಲ್ಲಿಗೂ ನಡುವೆ ಬೆಳೆಯುವ ಕಪ್ಪು ಲೋಳೆ, ಸಮುದ್ರದ ನೀರೆಳೆಯುವ ಪಂಪಿನ ರಬ್ಬರ್ ಇಂಪೆಲ್ಲರು ಒಂದೇ ಭಂಗಿಯಲ್ಲಿ ಮಡಚಿಕೊಂಡು ಸೆಟೆದುಹೋಗುವುದು. ಬ್ಯಾಟರಿ ಚಾರ್ಜಿಗೆಂದು ಗಂಟೆಗಟ್ಟಲೆ ಸುಮ್ಮನೆ ಐಡ್ಲಿಂಗಿನಲ್ಲಿ ಬಿಡುವುದೂ ಉಪಕಾರವಲ್ಲ. ಭಾರವಿಲ್ಲದೆ ತಣ್ಣಗೆ ಓಡುವ ಸಿಲಿಂಡರಿನ ಗೋಡೆ ಗಾಜಿನಂತೆ ನುಣುಪಾಗಿ, ಆಯಿಲ್ ಕುಡಿಯಲು ಶುರುಮಾಡುತ್ತದೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಹೇಗೂ ನಿಲ್ಲುವ ಬೋಟಿಗೆ ಆಗಸ್ಟಿನಲ್ಲೇ ಹೊಸ ಆಯಿಲ್ ಹಾಕಿದರಾಯಿತು ಎನ್ನುವವರು ಬಹಳ. ಅದು ತಿರುಗುಮುರುಗು ಲೆಕ್ಕ. ಹಳೆ ಆಯಿಲಿನಲ್ಲಿ ಉರಿದ ಡೀಸೆಲ್ಲಿನ ಆಮ್ಲವೂ ತೇವವೂ ಇರುತ್ತವೆ. ಎರಡು ತಿಂಗಳು ಅದರಲ್ಲೇ ಬೇರಿಂಗನ್ನು ನೆನೆಸಿಡುವುದು ಬೇಡ, ನಿಲ್ಲಿಸುವ ಮೊದಲೇ ಬದಲಿಸಬೇಕು.

ಸ್ಟಾರ್ಟ್ ಆಗದ ಎಂಜಿನ್ನನ್ನು ಮತ್ತೆ ಮತ್ತೆ ತಿರುಗಿಸುವ ಹಟ ಲಾರಿಯಲ್ಲಿ ಬ್ಯಾಟರಿಯನ್ನಷ್ಟೇ ತಿನ್ನುತ್ತದೆ. ದೋಣಿಯಲ್ಲಿ ಎಂಜಿನ್ನನ್ನೇ ತಿನ್ನಬಹುದು. ಪ್ರತಿ ಸುತ್ತಿಗೂ ಪಂಪು ಸಮುದ್ರದ ನೀರನ್ನು ಸೈಲೆನ್ಸರಿಗೆ ತಳ್ಳುತ್ತಿರುತ್ತದೆ. ಅದನ್ನು ಹೊರಗೆ ಊದಲು ಹೊಗೆಯೇ ಇಲ್ಲ. ತುಂಬಿದ ನೀರು ಹಿಂದಕ್ಕೆ ಸಿಲಿಂಡರಿಗೆ ಬರುತ್ತದೆ. ಎರಡು ಮೂರು ಸಲದಲ್ಲಿ ಹೊತ್ತದಿದ್ದರೆ ಮೊದಲು ನೀರಿನ ಕಾಕ್ ಮುಚ್ಚು, ಆಮೇಲೆ ಏರ್ ತೆಗೆ. ಹೊತ್ತಿಕೊಂಡ ಕೂಡಲೇ ಕಾಕ್ ತೆರೆಯಲು ಮರೆಯಬೇಡ ಎಂದು ಎರಡು ಸಲ ಹೇಳಿದೆ.

“ದೊಡ್ಡ ಪ್ರೊಪೆಲ್ಲರ್ ಹಾಕಿದರೆ ಜೋರು ಹೋಗ್ತಲ?” ಇಲ್ಲ. ಗಾಳಿಗೆಂದು ಕಟ್ಟಿದ ಒಡಲು ನೀರನ್ನು ಸೀಳಿ ಸಾಗುವಂಥದ್ದು, ನೀರ ಮೇಲೆ ಹಾರುವಂಥದ್ದಲ್ಲ. ಅದರ ವೇಗದ ಮಿತಿ ನೀರಿಗೆ ತಾಗುವ ಉದ್ದದಲ್ಲಿದೆ: ಅಡಿಯಲ್ಲಿ ಅಳೆದ ಉದ್ದದ ವರ್ಗಮೂಲದ 1.34 ಪಟ್ಟು, ನಾಟಿನಲ್ಲಿ. ಉದ್ದ 25 ಅಡಿಯಾದರೆ 6.7 ನಾಟ್, ಗಂಟೆಗೆ ಸುಮಾರು 12 ಕಿ.ಮೀ. ಅದಕ್ಕಿಂತ ಹೆಚ್ಚು ಶಕ್ತಿ ಸುರಿದರೆ ಅಲೆ ದೊಡ್ಡದಾಗುತ್ತದೆ, ಡೀಸೆಲ್ ಖಾಲಿಯಾಗುತ್ತದೆ. ಪ್ರೊಪೆಲ್ಲರ್ ಸರಿಯಿದೆಯೋ ತಿಳಿಯಲು ನೀರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟು ನೋಡುವುದೊಂದೇ ದಾರಿ. ಎಂಜಿನ್ ತನ್ನ ಪುಸ್ತಕದಲ್ಲಿ ಬರೆದ ಆರ್‌ಪಿಎಂ ಮುಟ್ಟದೆ ಕಪ್ಪು ಹೊಗೆ ಉಗುಳಿದರೆ ಪ್ರೊಪೆಲ್ಲರ್ ದೊಡ್ಡದು, ಇಲ್ಲವೇ ಅದಕ್ಕೆ ಚಿಪ್ಪು ಹತ್ತಿದೆ. ಚಿಪ್ಪು ಕೆರೆಯುವುದು ಎಂಜಿನ್ ಬಿಚ್ಚುವುದಕ್ಕಿಂತ ಅಗ್ಗ.

ಹಾಯಿ ಬಿಚ್ಚಿದಾಗ ಪ್ರೊಪೆಲ್ಲರನ್ನು ಗೇರಿನಲ್ಲಿ ಕಟ್ಟಿಟ್ಟರೆ ಎಳೆತ ಕಡಿಮೆ ಎಂಬ ನಂಬಿಕೆಯೂ ಹಳೆಯದು. ಮಡಚದ ಪ್ರೊಪೆಲ್ಲರ್ ತಿರುಗದೆ ನಿಂತರೇ ಸಾಮಾನ್ಯವಾಗಿ ನೀರಿಗೆ ಹೆಚ್ಚು ಅಡ್ಡಿ. ನಮ್ಮ ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹಾದಾಯಿಯ ಹೆಸರಿಟ್ಟುಕೊಂಡ, ಗೋವಾದಲ್ಲಿ ಕಟ್ಟಿದ ನೌಕಾಪಡೆಯ ಹಾಯಿದೋಣಿ ‘ಮ್ಹಾದೇಯಿ’ಯಲ್ಲಿ ಅಭಿಲಾಷ್ ಟೋಮಿ 2012–13ರಲ್ಲಿ ಒಬ್ಬರೇ ಎಲ್ಲೂ ನಿಲ್ಲದೆ ಭೂಮಿ ಸುತ್ತಿದರು. ಅಂಥ ದಾರಿಯಲ್ಲಿ ಇಂಥ ಸಣ್ಣ ಎಳೆತವೂ ದಿನಗಳ ಲೆಕ್ಕಕ್ಕೆ ಬರುತ್ತದೆ. ಆದರೆ ತಿರುಗಲು ಬಿಡುವ ಮೊದಲು ಗೇರ್‌ಬಾಕ್ಸಿನ ಪುಸ್ತಕ ಓದಬೇಕು. ಕೆಟ್ಟ ಲಾರಿಯನ್ನು ಎಳೆದೊಯ್ಯುವಾಗ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಬಿಚ್ಚುವುದನ್ನು ಹೆದ್ದಾರಿಯಲ್ಲಿ ಎಲ್ಲರೂ ಕಂಡಿರುತ್ತಾರೆ. ಇಲ್ಲೂ ಕಾರಣ ಅದೇ: ಎಂಜಿನ್ ನಿಂತಿದ್ದರೆ ಎಷ್ಟೋ ಗೇರ್‌ಬಾಕ್ಸುಗಳೊಳಗೆ ಆಯಿಲ್ ಮೇಲೇರುವುದಿಲ್ಲ.

ದಡದ ಮೇಲೆ ಎಂಜಿನ್ನಿಗೂ ಶಾಫ್ಟಿಗೂ ನೇರ ನೋಡಿ ಬೋಲ್ಟ್ ಬಿಗಿದು ಮುಗಿಯಿತು ಎನ್ನುವವರಿಗೆ ಒಂದೇ ಮಾತು. ನೀರಿಗಿಳಿದ ದೋಣಿ ಮೈ ಸಡಿಲಿಸುತ್ತದೆ, ಆಕಾರ ತುಸು ಬದಲಾಗುತ್ತದೆ. ಒಂದೆರಡು ದಿನ ತೇಲಲಿ. ಆಮೇಲೆ ಕಪ್ಲಿಂಗ್ ಬಿಚ್ಚಿ ಸುತ್ತಲೂ ಫೀಲರ್ ಗೇಜ್ ತೂರಿಸಬೇಕು. ನಾಲ್ಕಿಂಚಿನ ಕಪ್ಲಿಂಗಿನಲ್ಲಿ ಸಂದಿನ ವ್ಯತ್ಯಾಸ ಇಂಚಿನ ಸಾವಿರದಲ್ಲಿ ನಾಲ್ಕು ಪಾಲು, ಅಂದರೆ 0.1 ಮಿ.ಮೀ. ಮೀರಬಾರದು.

ದಬ್ ಎಂದ ಪ್ರೊಪೆಲ್ಲರನ್ನು ತೋರಿಸಿ ಬೆಲೆ ಇಳಿಸಿಕೊಂಡು ದೋಣಿ ತಗೊಂಡರು. ಮೊನ್ನೆ ಫೋನು, ಹಿಂದೆ ಎಂಜಿನ್ನಿನ ಸದ್ದು.

“ಮಾವಾ, ನಿಮಿಷಕ್ಕೆ ಮೂರು ಹನಿ.”

“ನಿಲ್ಲಿಸಿದ ಮೇಲೆ?”

ಸದ್ದು ನಿಂತಿತು. ಸ್ವಲ್ಪ ಹೊತ್ತು ಅಲೆ ಬಡಿಯುವುದಷ್ಟೇ ಕೇಳಿತು.

“ಇಲ್ಲೆ.”

“ಹಂಗಾರೆ ಸ್ಪಾನರ್ ಒಳಗಿಡು.”