ದಾಸಾಳದ ಲಗ್ನ

ಕಾಯಿ ಕಚ್ಚಿತ್ತು! ದಾಸವಾಳದ ಗಿಡದಲ್ಲಿ, ಹೂವು ಉದುರಿ ಹೋದ ತೊಟ್ಟಿನ ಹಸಿರು ಬಟ್ಟಲೊಳಗೆ, ಕಡಲೆಕಾಳಿನಷ್ಟು ದಪ್ಪದ ಒಂದು ಕಾಯಿ! ಕೈಯಲ್ಲಿದ್ದ ಚಹಾ ಆರಿ ಹೋಯಿತು. ಫರಸಿ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ಅದನ್ನೇ ನೋಡುತ್ತಿದ್ದೆ. ಹುಟ್ಟಿದಾಗಿನಿಂದ ಈ ಹೂವಿನ ಜೊತೆಗೇ ಬೆಳೆದವನು ನಾನು. ದಿನಾ ದೇವರಿಗೆ ಏರಿಸಿದ್ದೇನೆ, ಅವ್ವ ಎಲೆ ಅರೆದು ತಲೆಗೆ ಹಚ್ಚಿದ್ದಾಳೆ. ಆದರೆ ದಾಸವಾಳಕ್ಕೂ ಕಾಯಿ ಉಂಟು, ಬೀಜ ಉಂಟು ಎಂದು ಜಹೀರಾಬಾದಿನ ಈ ಅಂಗಳದಲ್ಲಿ ಯಾರೂ ನನಗೆ ಹೇಳಿರಲಿಲ್ಲ.

ಹೇಳುವುದಾದರೂ ಹೇಗೆ? ನಮ್ಮಲ್ಲಿ ದಾಸವಾಳ ಅಂದರೆ ಟೊಂಗೆ. ಮಳೆ ಹಿಡಿದ ದಿನ ಯಾರದೋ ಮನೆಯಿಂದ ಗೇಣುದ್ದದ ಟೊಂಗೆ ತಂದು ಊರಿದರಾಯಿತು. ನಮ್ಮ ಹಳೆಯ ಕೆಂಪು ದಾಸವಾಳ ತಾನಾಗಿ ಬೀಜ ಕಟ್ಟುವುದೇ ಅಪರೂಪ. ಹಾಗಾಗಿ ಅದು ಮನೆಯಿಂದ ಮನೆಗೆ ಟೊಂಗೆಯಾಗಿಯೇ ನಡೆದು ಬಂದಿದೆ. ಟೊಂಗೆಯಿಂದ ಎದ್ದ ಗಿಡ ತಾಯಿಗೆ ಮಗಳಾಗುವುದಿಲ್ಲ, ತಾಯಿಯೇ ಆಗಿರುತ್ತದೆ. ನಾರಾಯಣಖೇಡದ ಅತ್ತೆಯ ಮನೆಯದು, ಅಲ್ಲಿಂದ ನಮಗೆ ಬಂದದ್ದು, ನಮ್ಮಿಂದ ತಾಂಡೂರಿನ ತಂಗಿಯ ಮನೆಗೆ ಹೋದದ್ದು ಮೂರೂ ಒಂದೇ ಗಿಡ! ಒಂದೇ ಜೀವ ಮೂರು ಊರಲ್ಲಿ ನಿಂತು ಹೂ ಬಿಡುತ್ತಿದೆ. 1956ರ ತನಕ ಜಹೀರಾಬಾದ್, ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಕಲಬುರ್ಗಿ ಜಿಲ್ಲೆಯಲ್ಲಿ. ಗಡಿ ಗೆರೆ ಬಿದ್ದ ಮೇಲೂ ಟೊಂಗೆಗಳ ಓಡಾಟ ನಿಲ್ಲಲಿಲ್ಲ. ನಾವು ದಾಸಾಳ ಅನ್ನುವುದನ್ನು ಪಕ್ಕದ ಮನೆಯವರು ಮಂದಾರಂ ಅನ್ನುತ್ತಾರೆ, ಎದುರಿನವರು ಗುಡ್ಹಲ್, ಮೂಲೆಯ ಮನೆಯವರು ಜಾಸ್ವಂದ.

ಬೀಜದ ಕತೆಯೇ ಬೇರೆ. ಗೋಡೆಯ ಮೇಲಿಂದ ಇಣುಕುವ ಬಣ್ಣಬಣ್ಣದ ಹೈಬ್ರಿಡ್ ದಾಸವಾಳಗಳಲ್ಲಿ ಹಲವು ಜಾತಿಗಳ ರಕ್ತ ಬೆರೆತಿದೆ. ಹೀಗಾಗಿ ಒಂದೇ ಕಾಯಿಯ ಹತ್ತು ಬೀಜ ಬಿತ್ತಿದರೆ ಹತ್ತು ಬಗೆಯ ಹೂವು ಬರಬಹುದು. ಒಂದೊಂದೂ ಜಗತ್ತಿನಲ್ಲಿ ಅಲ್ಲಿಯ ತನಕ ಎಲ್ಲಿಯೂ ಅರಳಿರದ ಹೂವು! ಅದನ್ನು ಹುಟ್ಟಿಸಲು ಪ್ರಯೋಗಶಾಲೆ ಬೇಡ, ಬಿಳಿ ಕೋಟು ಬೇಡ. ಎರಡು ಬೆರಳು, ಬೆಳಗಿನ ಒಂದು ಗಳಿಗೆ, ಗುರುತಿಗೆ ಒಂದೆಳೆ ದಾರ ಸಾಕು.

ಆ ಗಳಿಗೆಯನ್ನು ಹತ್ತಿರದಿಂದ ತೋರಿಸುತ್ತೇನೆ, ಬನ್ನಿ. ದಸರೆ ಕಳೆದಿದೆ. ಬೆಳಿಗ್ಗೆ ಒಂಬತ್ತು ಗಂಟೆ, ಇಬ್ಬನಿ ಆರಿದೆ, ಬಿಸಿಲಿಗೆ ಇನ್ನೂ ಕಾವು ಬಂದಿಲ್ಲ. ನಮ್ಮಲ್ಲಿರುವ ಹೈಬ್ರಿಡ್ ಗಿಡದ್ದು ಐದೆಸಳಿನ ಹಳದಿ ಹೂವು. ಅದರ ನಡುವಿನಿಂದ ತೋರುಬೆರಳುದ್ದದ ಕೋಲೊಂದು ಹೊರಬಂದಿದೆಯಲ್ಲ, ಅದು ಒಂದಲ್ಲ, ಎರಡು. ಹೊರಗಿನದು ಗಂಡಿನ ಕೊಳವೆ, ಅದರ ಮೈತುಂಬ ಗುಂಡುಸೂಜಿ ತಲೆಯಂಥ ಪರಾಗಕೋಶಗಳು. ಆ ಕೊಳವೆಯೊಳಗಿಂದಲೇ ಹೆಣ್ಣಿನ ಶಲಾಕೆ ತೂರಿ ಬಂದು ತುದಿಯಲ್ಲಿ ಐದು ಕವಲಾಗುತ್ತದೆ. ಕವಲಿಗೊಂದು ಮಖಮಲ್ಲಿನ ಗುಂಡಿ, ಅದೇ ಶಲಾಕಾಗ್ರ. ಎಸಳು ಐದು, ಗುಂಡಿ ಐದು, ಬುಡದ ಅಂಡಾಶಯದೊಳಗೆ ಕೋಣೆಗಳೂ ಐದು! ಇಷ್ಟು ವರ್ಷ ಕೈಯಲ್ಲಿ ಹಿಡಿದ ಹೂವನ್ನು ನಾನು ಎಣಿಸಿಯೇ ಇರಲಿಲ್ಲ.

ಹಳದಿ ಹೂವಿನ ಪರಾಗ ಅದಕ್ಕೇ ಹತ್ತಬಾರದೆಂದು, ಕೋಶಗಳು ಒಡೆಯುವ ಮೊದಲೇ ಸಣ್ಣ ಕತ್ತರಿಯಿಂದ ಅವನ್ನು ತೆಗೆದಿದ್ದೆ. ಇನ್ನು ಗಂಡು. ನಾರಾಯಣಖೇಡದ ಅತ್ತೆಯ ಅಂಗಳದಲ್ಲಿ ಕೆಂಪಿನ ಪಕ್ಕದಲ್ಲೇ ತಿಳಿಗುಲಾಬಿಯ ಇನ್ನೊಂದು ಗಿಡ ಇದೆ, ಹೂವಿನ ಒಡಲಲ್ಲಿ ಕಡುಗೆಂಪು. ಬೆಳಗಿನ ಬಸ್ಸಿಗೆ ಬಂದ ಅಳಿಯ ಸ್ಟೀಲ್ ಡಬ್ಬಿಯಲ್ಲಿ ಆ ಹೂವನ್ನು ತಂದಿದ್ದ. ಎಸಳು ಹಿಂದಕ್ಕೆ ಮಡಿಚಿ, ಅದರ ಕೋಲನ್ನು ಹಳದಿಯ ಐದು ಗುಂಡಿಗಳಿಗೂ ಮೆಲ್ಲಗೆ ಸವರಿದೆ. ಮಖಮಲ್ಲಿಗೆ ಅರಿಶಿನ ಹತ್ತಿದ ಹಾಗೆ ಪುಡಿ ಅಂಟಿತು. ತೊಟ್ಟಿಗೆ ದಾರ ಕಟ್ಟುತ್ತಿದ್ದಾಗ ಪಕ್ಕದ ಮನೆಯ ಆಯಿ ಗೋಡೆಯ ಆಚೆಯಿಂದ ಕೇಳಿದರು:

“ಯಾನ್ ಮಾಡ್ಲತ್ತಿ ತಮ್ಮಾ, ಹೂವಿಗಿ ದಾರ ಕಟ್ಟಿ?”

“ದಾಸಾಳದ ಲಗ್ನ ಮಾಡ್ಲತ್ತೀನಿ ಆಯಿ. ಹುಡುಗಿ ನಮ್ಮಾಕಿ. ಹುಡುಗ ನಾರಾಯಣಖೇಡದಾವ.”

ಡಬ್ಬಿಯ ತಳದಲ್ಲಿ ಉಳಿದ ಪುಡಿಯನ್ನು ಭೂತಗನ್ನಡಿಯಲ್ಲಿ ನೋಡಿದೆ. ಒಂದೊಂದು ಕಣವೂ ದತ್ತೂರಿ ಕಾಯಿಯ ಮರಿಯಂತೆ ದುಂಡಗೆ, ಮೈತುಂಬ ಮುಳ್ಳು! ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಕೊಂಚವೇ ದೊಡ್ಡದು. ಗುಂಡಿಗೆ ಅಂಟಿದ ಆ ಕಣ ಮೊಳೆಯುತ್ತದೆ. ಕೂದಲಿಗಿಂತ ಸೂಕ್ಷ್ಮವಾದ ಕೊಳವೆಯೊಂದನ್ನು ಇಳಿಬಿಡುತ್ತದೆ. ಆ ಕೊಳವೆ ಶಲಾಕೆಯ ಒಳಗೊಳಗೇ, ಬೆರಳುದ್ದದ ದಾರಿ, ಅಂದರೆ ಕಣದ ಮೈಗಿಂತ ನೂರಾರು ಪಟ್ಟು ದೂರ ಇಳಿದು ಬುಡದ ಕೋಣೆಯಲ್ಲಿರುವ ಅಂಡವನ್ನು ಮುಟ್ಟಬೇಕು. ಹೂವಿಗೆ ಇರುವುದೋ ಹೆಚ್ಚುಕಡಿಮೆ ಒಂದೇ ದಿನದ ಆಯುಸ್ಸು. ನಾನು ಅಂಗಡಿಗೆ ಹೋಗಿ ಬರುವಷ್ಟರಲ್ಲಿ, ಎಲ್ಲರ ಕಣ್ಣೆದುರೇ, ಯಾರಿಗೂ ಕಾಣದ ಹಾಗೆ ಈ ಪಯಣ ನಡೆದಿತ್ತಲ್ಲ!

ಇದಕ್ಕೆ ಮೊದಲು ಚೈತ್ರದಲ್ಲಿ ಹನ್ನೊಂದು ಲಗ್ನ ಮಾಡಿದ್ದೆ. ಎಲ್ಲ ಮುರಿದವು. ತೊಟ್ಟು ಹಳದಿಗೆ ತಿರುಗಿ ಕೆಲವೇ ದಿನಗಳಲ್ಲಿ ದಾರದ ಸಮೇತ ನೆಲಕ್ಕೆ. ನಮ್ಮ ಬೇಸಿಗೆಯಲ್ಲಿ ಫರಸಿ ಕಲ್ಲು ಕಾದ ಹೆಂಚಾಗುತ್ತದೆ, ಆ ಕಾವಿಗೆ ಪರಾಗ ಸತ್ತೇ ಹೋಗುತ್ತದೆ. ಅದು ಗೊತ್ತಾದ ಮೇಲೆ ದಸರೆಯ ತನಕ ಕಾದೆ. ಪುಂಡಿಯ ಪರಾಗವನ್ನೂ ಒಮ್ಮೆ ಇಟ್ಟು ನೋಡಿದ್ದೆ. ಅದೂ ಉದುರಿತು. ಆದರೆ ಆ ಸೋಲು ಒಂದು ದೊಡ್ಡ ಮನೆತನದ ಬಾಗಿಲನ್ನೇ ತೆರೆಯಿತು.

ಪುಂಡಿಪಲ್ಲೆಯ ಹೂವನ್ನು ಗಮನವಿಟ್ಟು ನೋಡಿದ್ದೀರಾ? ಬೆಂಡೆಯ ಹೂವನ್ನು? ಹತ್ತಿಯ ಹೂವನ್ನು? ಅದೇ ಐದೆಸಳು, ಅದೇ ನಡುಗೋಲು, ಅದೇ ಹಳದಿ ಪುಡಿ! ಎಲ್ಲ ದಾಸವಾಳದ ದಾಯಾದಿಗಳು. ನಾವು ರೊಟ್ಟಿಯ ಜೊತೆ ಉಣ್ಣುವುದು, ಮೈಮೇಲೆ ಉಡುವುದು, ದೇವರಿಗೆ ಏರಿಸುವುದು ಒಂದೇ ಕುಲದ ಗಿಡಗಳನ್ನು. ನಾನು ಅಂಗಳದಲ್ಲಿ ಬೆರಗಾಗಿ ಮಾಡುತ್ತಿದ್ದುದನ್ನು ಹೊಲದಲ್ಲಿ ಸಾವಿರಾರು ಹೆಣ್ಣುಮಕ್ಕಳು ದಿನಗೂಲಿಗೆ ಮಾಡುತ್ತಾರೆ! 1972ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿ ಅವರು ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ‘ವರಲಕ್ಷ್ಮಿ’ ತಳಿಯನ್ನು ಕೊಟ್ಟರು. ಹೈಬ್ರಿಡ್ ಹತ್ತಿಬೀಜ ಒಂದೊಂದು ಹೂವನ್ನೂ ಕೈಯಿಂದ ಮುಟ್ಟಿದರೇ ಹುಟ್ಟುವುದು. ರಾಣೆಬೆನ್ನೂರಿನ ಸುತ್ತಲಿನ ಬೀಜದ ಹೊಲಗಳಲ್ಲಿ, ನಮ್ಮ ತೆಲಂಗಾಣದ ಗದ್ವಾಲ ಕಡೆ ಇದಕ್ಕೆ ‘ಕ್ರಾಸಿಂಗ್’ ಎಂದೇ ಹೆಸರು. ಸಂಜೆ, ನಾಳೆ ಅರಳುವ ಮೊಗ್ಗನ್ನು ಕಣ್ಣಳತೆಯಲ್ಲೇ ಗುರುತಿಸಿ ಹೆಬ್ಬೆರಳ ಉಗುರಿನಿಂದ ಗಂಡುಭಾಗವನ್ನು ಸುಲಿದು ತೆಗೆಯುತ್ತಾರೆ. ಮರುದಿನ ಬೆಳಿಗ್ಗೆ ಗಂಡು ಹೂವನ್ನು ತಂದು ಸವರುತ್ತಾರೆ. ಒಳಗಿನ ಹೆಣ್ಣಿಗೆ ಗೀರೂ ಬೀಳಬಾರದು. ಆ ಉಗುರಿನ ನಯ ನನ್ನ ಕತ್ತರಿಗೆ ಇಲ್ಲ. ಇಂಥ ಕೈಗಳಿಗೆ ವಿಜ್ಞಾನಿ ಎಂಬ ಹೆಸರು ಸಲ್ಲಬೇಕು ಎಂದು ನಾನು ಮನಸಾರೆ ನಂಬುತ್ತೇನೆ.

ನಮ್ಮೂರಿನಿಂದ ಹೈದರಾಬಾದ್ ರಸ್ತೆ ಹಿಡಿದರೆ ಪಟಾನ್‌ಚೆರುವಿನಲ್ಲಿ ಇಕ್ರಿಸ್ಯಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆ ಸಿಗುತ್ತದೆ, 1972ರಲ್ಲಿ ಶುರುವಾದದ್ದು. ಅಲ್ಲಿ ತೊಗರಿಗೂ ಕ್ರಾಸಿಂಗ್! ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತು ಸಿಕ್ಕಿತಲ್ಲ, ಆ ಬೆಳೆಯ ಪುಟಾಣಿ ಹಳದಿ ಹೂವನ್ನು ನೆನೆಯಿರಿ. ಅದರಲ್ಲಿ ಪರಾಗಕೋಶ ಮೊಗ್ಗಿನೊಳಗೇ ಒಡೆದುಬಿಡುತ್ತದೆ. ಹಾಗಾಗಿ ಅರಳದ ಮೊಗ್ಗನ್ನು ಚಿಮಟದಿಂದ ಬಿಡಿಸಿ ಕೆಲಸ ಮಾಡಬೇಕು. ದಾಸವಾಳದಂಥ ಉದಾರಿ ಹೂವು ನನಗೆ ಸಿಕ್ಕಿದ್ದು ಪುಣ್ಯ. ಇನ್ನು ಹೂಮಾರ್ಕೆಟ್ಟಿನಲ್ಲಿ ಮಾಲೆಯಾಗುವ ಸುಗಂಧರಾಜದಲ್ಲಿ ‘ಪ್ರಜ್ವಲ್’ ಎಂಬ ತಳಿ ಇದೆ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ‘ಶೃಂಗಾರ್’ ಮತ್ತು ‘ಮೆಕ್ಸಿಕನ್ ಸಿಂಗಲ್’ ಕೂಡಿ ಹುಟ್ಟಿದ ಕೂಸು ಅದು.

ಈ ಕೆಲಸಕ್ಕೆ ಒಂದು ಕಾಲಕ್ಕೆ ಮನುಷ್ಯ ನಡುಗಿದ್ದಾನೆ. ಲಂಡನ್ನಿನ ತೋಟಗಾರ ಥಾಮಸ್ ಫೇರ್‌ಚೈಲ್ಡ್ 1717ರ ಹೊತ್ತಿಗೆ ಒಂದು ಕಾರ್ನೇಷನ್ ಹೂವಿಗೆ ಸ್ವೀಟ್ ವಿಲಿಯಂ ಹೂವಿನ ಪರಾಗ ಮುಟ್ಟಿಸಿ ಹೊಸ ಗಿಡ ಹುಟ್ಟಿಸಿದ. ಬೇಕೆಂದೇ ಕೈಯಿಂದ ಮಾಡಿದ ಮೊದಲ ಮಿಶ್ರತಳಿ ಅದೇ ಎನ್ನುತ್ತಾರೆ. ದೇವರ ಸೃಷ್ಟಿಯಲ್ಲಿ ಕೈಯಿಟ್ಟೆನಲ್ಲಾ ಎಂಬ ಅಳುಕು ಅವನನ್ನು ಕಾಡಿತಂತೆ. ಸಾಯುವಾಗ ಚರ್ಚಿನಲ್ಲಿ ವರ್ಷಕ್ಕೊಂದು ಪ್ರವಚನ ನಡೆಯಲೆಂದು ಹಣ ಬರೆದಿಟ್ಟ. ನನಗೆ ಅಳುಕು ಬರಲಿಲ್ಲ. ದೇವರಿಗೇ ಏರುವ ಹೂವಲ್ಲವೇ!

ಕಡಲೆಕಾಳಿನಷ್ಟಿದ್ದ ಕಾಯಿ ಎರಡು ತಿಂಗಳಲ್ಲಿ ಕಂದಾಗಿ ತುದಿಯಲ್ಲಿ ಬಿರಿಯಿತು. ಬೀಜ ಚೆಲ್ಲದಂತೆ ಅದಕ್ಕೆ ಮೊದಲೇ ಹಳೆಯ ಮಲ್ಮಲ್ ಬಟ್ಟೆ ಕಟ್ಟಿದ್ದೆ. ಒಂಬತ್ತು ಬೀಜ! ಕಪ್ಪಗೆ, ನವಿರು ರೋಮದವು. ಸಿಪ್ಪೆಗೆ ಬ್ಲೇಡಿನಿಂದ ಚೂರು ಗೀರು ಹಾಕಿ, ಒಂದು ರಾತ್ರಿ ನೀರಲ್ಲಿಟ್ಟು, ನಮ್ಮ ಕೆಮ್ಮಣ್ಣಿಗೆ ಗೊಬ್ಬರ ಬೆರೆಸಿ ಚಹಾದ ಕಾಗದದ ಲೋಟಗಳಲ್ಲಿ ಊರಿದೆ. ಏಳು ಮೊಳೆತವು. ವಹಿಯಲ್ಲಿ ಬರೆದಿಟ್ಟೆ, ಮೊದಲು ತಾಯಿಯ ಹೆಸರು, ಆಮೇಲೆ ತಂದೆಯದು. ಈ ವಿದ್ಯೆಯಲ್ಲಿ ಬರೆಯುವ ಕ್ರಮವೇ ಹಾಗೆ.

ಮರುವರ್ಷದ ಮಳೆಗಾಲದಲ್ಲಿ ನಾಲ್ಕನೇ ನಂಬರಿನ ಗಿಡ ಎಲ್ಲಕ್ಕಿಂತ ಮೊದಲು ಮೊಗ್ಗು ಬಿಟ್ಟಿತು. ಅರಳುವ ದಿನ ಬೆಳಕು ಹರಿಯುವ ಮುಂಚೆಯೇ ಎದ್ದು ಕೂತಿದ್ದೆ. ಅಂಚಿನಲ್ಲಿ ತಾಯಿಯ ಹಳದಿ. ಒಳಕ್ಕೆ ಹೋದಂತೆ ಮಾಗಿದ ಮಾವಿನ ಬಣ್ಣ. ಒಡಲಲ್ಲಿ ತಂದೆಯ ಕೆಂಪು, ಆದರೆ ಒಂದು ಚುಕ್ಕೆಯಾಗಿ ನಿಲ್ಲದೆ ನರನರದಲ್ಲಿ ಹರಿದು ಎಸಳಿನ ಅರ್ಧದ ತನಕ ಏರಿತ್ತು! ಇಬ್ಬರಲ್ಲಿ ಯಾರಲ್ಲಿಯೂ ಇಲ್ಲದ ಗೆರೆಗಳು. ಅದನ್ನು ನೋಡಿದ ಮೊದಲ ಮನುಷ್ಯ ನಾನು. ಎರಡನೆಯವರು ಆಯಿ. ಗೋಡೆಗೆ ಮೊಳಕೈ ಊರಿ ಬಹಳ ಹೊತ್ತು ನೋಡಿದರು, ಏನೂ ಅನ್ನಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದರು:

“ಮಳಿ ಹಿಡದದ ತಮ್ಮಾ. ನನಗೊಂದು ಟೊಂಗಿ ಕೊಡ್ತೀ?”

ಮೊಣಕಾಲೆತ್ತರದ ಗಿಡದಲ್ಲಿ ಇದ್ದದ್ದೇ ಮೂರು ಟೊಂಗೆ. ಕತ್ತರಿ ತರಲು ಒಳಗೆ ಹೋದೆ.