ಮಕ್ಕಳಿಗೆ ಪೌರನೀತಿ: ಊರಿನ ಕಥೆಯಿಂದ

ಕೋಡಂಬಾಕ್ಕಂನ ನಮ್ಮ ಮನೆಯಲ್ಲಿ ಏಳನೆಯ ತರಗತಿಯ ಹುಡುಗನೊಬ್ಬನಿದ್ದಾನೆ. ರಾಜ್ಯಸಭೆ, ಲೋಕಸಭೆಗಳ ವ್ಯತ್ಯಾಸವನ್ನು ಥಟ್ಟನೆ ಒಪ್ಪಿಸುತ್ತಾನೆ. ಬೀದಿಯ ಕಸ ತೆಗೆಸತಕ್ಕವರು ಯಾರೆಂದರೆ ತಲೆ ಕೆರೆದುಕೊಳ್ಳುತ್ತಾನೆ. ತಪ್ಪು ಅವನದಲ್ಲ, ಊರಿನ ಕಥೆಯನ್ನು ಬಿಟ್ಟು ಪೌರನೀತಿಯನ್ನು ಬಾಯಿಪಾಠ ಮಾಡಿಸಿದ ನಮ್ಮದು.

ಮೊನ್ನೆ ಅವನು, "ಅಜ್ಜಿ, ನೀನು ಹುಟ್ಟಿದ್ದು ಕರ್ನಾಟಕದಲ್ಲಿ ತಾನೆ?" ಎಂದು ಕೇಳಿದ. ಅಜ್ಜಿ ಕೊಳ್ಳೇಗಾಲದವರು. "ಇಲ್ಲ ಮಗು, ಮದರಾಸು ರಾಜ್ಯದಲ್ಲೇ" ಎಂದರು. ಹುಡುಗ ನಂಬಲಿಲ್ಲ. ಆದರೆ ಮಾತು ನಿಜ. ಆ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಅದೂ ದಕ್ಷಿಣ ಕನ್ನಡವೂ ಮೈಸೂರು ರಾಜ್ಯಕ್ಕೆ ಬಂದವು. ಕಾಸರಗೋಡು ಕೇರಳಕ್ಕೆ ಹೋಯಿತು. ರಾಜ್ಯಗಳ ಗಡಿಯನ್ನು ಪಾರ್ಲಿಮೆಂಟು ಬದಲಿಸಬಹುದೆಂಬ ಸಂವಿಧಾನದ 3ನೆಯ ವಿಧಿ ಅವನಿಗೆ ಅಂದು ಅರ್ಥವಾಯಿತು. ಪುಸ್ತಕದಲ್ಲಿ ಅದು ಒಂದು ಸಾಲು, ಅಜ್ಜಿಯ ಬಾಯಲ್ಲಿ ಒಂದು ಸಂಸಾರದ ಕಥೆ.

ಇನ್ನೊಂದು ಪಾಠ ಕಾಂಚೀಪುರದ ಕಡೆಯ ಉತ್ತರಮೇರೂರಿನಲ್ಲಿದೆ. ಚೋಳ ಪರಾಂತಕನ ಕಾಲದ, ಸುಮಾರು 920ರ ಶಾಸನಗಳು ಅಲ್ಲಿಯ ದೇವಾಲಯದ ಗೋಡೆಯ ಮೇಲಿವೆ. ಊರಿನಲ್ಲಿ 30 ವಾರ್ಡುಗಳು. ಅರ್ಹರ ಹೆಸರನ್ನು ಓಲೆಯಲ್ಲಿ ಬರೆದು ಕೊಡಕ್ಕೆ ಹಾಕಿ, ಏನೂ ಅರಿಯದ ಎಳೆಯ ಹುಡುಗನಿಂದ ಎತ್ತಿಸುತ್ತಿದ್ದರು. ಹಿಂದೆ ಅಧಿಕಾರದಲ್ಲಿದ್ದು ಲೆಕ್ಕ ಒಪ್ಪಿಸದವನೂ ಅವನ ನೆಂಟರೂ ಅನರ್ಹರು! ಇದನ್ನು ಕೇಳಿ ಹುಡುಗನ ಕಣ್ಣು ಅರಳಿತು. ಆದರೆ ಇದನ್ನೇ ಪ್ರಜಾಪ್ರಭುತ್ವವೆಂದು ಹೊಗಳುವುದು ಸರಿಯಲ್ಲ. ಅದು ಬ್ರಾಹ್ಮಣರ ಸಭೆ. ಜಮೀನಿಲ್ಲದವರಿಗೂ ಹೆಂಗಸರಿಗೂ ಅಲ್ಲಿ ಸ್ಥಾನವಿರಲಿಲ್ಲ. ಅದನ್ನೂ ಹೇಳಿಯೇ ಕಲಿಸಬೇಕು.

ನಮ್ಮ ಕಡೆಯ ಕಥೆಯೂ ಉಂಟು. ಚೆಂಗಲ್ಪಟ್ಟು ಸೀಮೆಯಲ್ಲಿ ಹುಟ್ಟಿ, ಮದರಾಸು ಸರ್ಕಾರದಲ್ಲಿ ನೌಕರಿ ಮಾಡಿದ ರಂಗಾಚಾರ್ಲು ಅವರು ದಿವಾನರಾಗಿ 1881ರಲ್ಲಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. ಬಂದ 144 ಮಂದಿ ಅಹವಾಲು ಹೇಳಬಹುದಿತ್ತು, ಕಾನೂನು ಮಾಡುವಂತಿರಲಿಲ್ಲ. ಮೈಸೂರಿಗೆ ಆ ಸಭೆಯನ್ನು ಕೊಟ್ಟವರು ಈ ನೆಲದವರು ಎಂಬುದು ಇಲ್ಲಿಯ ಕನ್ನಡ ಮಕ್ಕಳಿಗೆ ತಿಳಿದಿರಬೇಡವೆ?

1688ರಲ್ಲಿ ಆರಂಭವಾದ ನಮ್ಮ ನಗರಸಭೆಗೆ ಈಗ 200 ವಾರ್ಡುಗಳು. ಇಷ್ಟೆಲ್ಲ ಕೇಳಿದ ಮೇಲೆ ಹುಡುಗ, "ನಮ್ಮ ವಾರ್ಡಿನವರು ಲೆಕ್ಕ ಒಪ್ಪಿಸಿದ್ದಾರೆಯೆ?" ಎಂದ. ಉತ್ತರ ನನಗೂ ಗೊತ್ತಿರಲಿಲ್ಲ. ಬರುವ ವಾರ ವಾರ್ಡ್ ಕಚೇರಿಗೆ ಇಬ್ಬರೂ ಹೋಗುವುದೆಂದು ನಿಶ್ಚಯವಾಗಿದೆ. ಅಜ್ಜಿಯೂ ಹೊರಟು ನಿಂತಿದ್ದಾರೆ.