ಕಂಪ್ಯೂಟರಿನಲ್ಲೊಂದು ಕಿರ್ದಿ, ಒಂದು ಖಾತೆ

ಅಂಗಡಿಯ ಲೆಕ್ಕ ನಮ್ಮಲ್ಲಿ ತಪ್ಪಿದ್ದು ಕಡಿಮೆ. ಬರೆದಿಟ್ಟ ಟಿಪ್ಪಣಿ ಕಳೆದದ್ದೇ ಹೆಚ್ಚು. ಮೆಟ್ರಿಕ್ ಮುಗಿಸಿ ಹೊಸೂರಿನ ಅಂಗಡಿಯಲ್ಲಿ ಕುಳಿತ ನಮಗೆ ಒಂದು ಹುಚ್ಚು ಮೊದಲಿನಿಂದಲೂ ಇದೆ: ಈ ಸೀಮೆಯ ಜೈನ ಮನೆತನ, ಬಸದಿಗಳ ವಿಷಯ ಕಿವಿಗೆ ಬಿದ್ದರೆ ಸಾಕು, ಬರೆದಿಡುವುದು. ಕೃಷ್ಣಗಿರಿಯ ಆಚೆಗಿನ ಧರ್ಮಪುರಿ ಹಿಂದೆ ತಗಡೂರು. ಅಲ್ಲಿ ದೊರೆತ, ನೊಳಂಬ ಮಹೇಂದ್ರನ ಕಾಲದ 893ರ ಕನ್ನಡ ಶಾಸನದಲ್ಲಿ ನಿಧಿಯಣ್ಣ, ಚಂದಿಯಣ್ಣ ಎಂಬ ಸೆಟ್ಟಿಯ ಮಕ್ಕಳು ಬಸದಿ ಕಟ್ಟಿಸಿದ ಸಂಗತಿ ಬರುತ್ತದೆ. ಕಲ್ಲಿನ ಮೇಲೆ ಆ ವ್ಯಾಪಾರಸ್ಥರ ಹೆಸರು ಸಾವಿರದ ನೂರು ವರ್ಷ ಉಳಿಯಿತು. ನಮ್ಮ ಅಣ್ಣನವರ ಮಾತು ಇಪ್ಪತ್ತು ವರ್ಷ ಉಳಿಯುವುದೇ ಕಷ್ಟವಾಯಿತು.

2003ರಲ್ಲಿ ಅಣ್ಣನವರು ಮನೆತನದ ಕಥೆ ಹೇಳಿದರು. ನಾವು ಅದನ್ನು ಡಿ.ಟಿ.ಪಿ. ಅಂಗಡಿಯಲ್ಲಿ ಟೈಪ್ ಮಾಡಿಸಿ ಸಿ.ಡಿ.ಯಲ್ಲಿ ಇಟ್ಟೆವು. ಅವರು ತೀರಿಕೊಂಡ ಮೇಲೆ ಮಗ ಅದನ್ನು ತೆರೆದರೆ ಕಂಡದ್ದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ! ಆಗಿನ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸುತ್ತಿದ್ದರು. ಆ ಫಾಂಟ್ ಇಲ್ಲದ ಕಡೆ ಕನ್ನಡವೂ ಇಲ್ಲ. ಯುನಿಕೋಡಿನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು, ಆದರೆ ನಮ್ಮಂಥವರ ಕೈಗೆ ಬರಲು ತಡವಾಯಿತು. ಪರಿವರ್ತಕ ತಂತ್ರಾಂಶದಿಂದ ಅಕ್ಷರ ಮರಳಿ ಬಂದರೂ ಒತ್ತಕ್ಷರ, ಅರ್ಕಾವತ್ತು ಎಲ್ಲೆಂದರಲ್ಲಿ ಜಾರಿದ್ದವು. ಯಾವ ಹೆಸರು ಏನೆಂದು ಹೇಳಬಲ್ಲವರು ಅತ್ತಿಗೆಯವರೊಬ್ಬರೇ.

ಆದ್ದರಿಂದ ಹೊಸ ತಂತ್ರಾಂಶ ಆರಿಸುವಾಗ ನಾವು ಕೇಳಿದ ಮೊದಲ ಪ್ರಶ್ನೆ ಒಂದೇ: ಒಳಗೆ ಹಾಕಿದ್ದು ಹೊರಗೆ ಬರುತ್ತದೆಯೇ? ಸಾಲ ಕೊಡುವ ಮುನ್ನ ವಸೂಲಿ ಯೋಚಿಸುವ ಜಾತಿ ನಮ್ಮದು. ಹತ್ತು ಟಿಪ್ಪಣಿ ಬರೆದು, ಹೊರತೆಗೆದು, ಬೇರೆ ಕಂಪ್ಯೂಟರಿನ ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿದೆವು. ಪುಕ್ಕಟೆ ಎಂಬುದನ್ನೂ ಪೂರ್ತಿ ನಂಬುವಂತಿಲ್ಲ. ಎವರ್‌ನೋಟ್ 2023ರ ಡಿಸೆಂಬರಿನಲ್ಲಿ ಹಣ ಕೊಡದವರಿಗೆ 50 ಟಿಪ್ಪಣಿ, ಒಂದು ಪುಸ್ತಕ ಎಂದು ಮಿತಿ ಹಾಕಿತು. ಸ್ಕ್ರಿವ್ನರ್ ದೊಡ್ಡ ಪುಸ್ತಕ ಬರೆಯುವವರಿಗೆ ಒಳ್ಳೆಯದು, ಒಂದೇ ಸಲ ಹಣ. ಆದರೆ ಆಂಡ್ರಾಯ್ಡ್ ಫೋನಿಗೆ ಇಲ್ಲ.

ಕೊನೆಗೆ ಹಿರಿಯರ ಕಿರ್ದಿ-ಖಾತೆ ಪದ್ಧತಿಯನ್ನೇ ಹಿಡಿದೆವು. ಫೋನಿನ ಗೂಗಲ್ ಕೀಪ್ ನಮ್ಮ ಕಿರ್ದಿ: ಮದುವೆ ಮನೆಯಲ್ಲಿ ಯಾರೋ ಹೇಳಿದ ಹೆಸರು, ದಾರಿಯಲ್ಲಿ ಕಂಡ ಕಲ್ಲು, ಬಂದದ್ದು ಬಂದ ಹಾಗೆ. ಭಾನುವಾರ ಅದನ್ನು ಖಾತೆಗೆ ಇಳಿಸುತ್ತೇವೆ. ಖಾತೆ ಎಂದರೆ ಒಬ್ಸಿಡಿಯನ್. 2020ರಲ್ಲಿ ಬಂದ ಈ ತಂತ್ರಾಂಶ ಸ್ವಂತ ಉಪಯೋಗಕ್ಕೆ ಉಚಿತ, ಟಿಪ್ಪಣಿಗಳನ್ನು ನಮ್ಮ ಯಂತ್ರದ ಫೋಲ್ಡರಿನಲ್ಲೇ ಸಾದಾ ಪಠ್ಯವಾಗಿ ಇಡುತ್ತದೆ. ನಾಳೆ ಕಂಪನಿ ಬಾಗಿಲು ಹಾಕಿದರೂ ಕಡತ ನಮ್ಮಲ್ಲಿರುತ್ತದೆ. ವಿಷಯಕ್ಕೊಂದು ಕಡತ, ಹೆಸರಿನ ಮೊದಲಿಗೆ ವರ್ಷ, ತಿಂಗಳು, ದಿನ ಬರೆದರೆ ತಾನೇ ಸಾಲಾಗಿ ನಿಲ್ಲುತ್ತದೆ.

ಆರಂಭದಲ್ಲಿ ನಾವೂ ಬಣ್ಣ, ಚೀಟಿ, ಉಪಚೀಟಿ ಎಂದು ನಲವತ್ತು ವಿಭಾಗ ಮಾಡಿ ಮೂರು ತಿಂಗಳು ಹಾಳು ಮಾಡಿದೆವು. ಬರೆದದ್ದು ಒಂದು ಪುಟವೂ ಇಲ್ಲ! ಹುಡುಕು ಸೌಲಭ್ಯವೇ ಸಾಕು. ಒಂದು ಕಿವಿಮಾತು: 'ಹೊಸೂರು' ಎಂದು ಹುಡುಕಿದರೆ 'ಹೊಸೂರಿಗೆ', 'ಹೊಸೂರಿನ' ಸಿಗುವುದಿಲ್ಲ. ಕೊಂಬು ಬಿಟ್ಟು 'ಹೊಸೂರ' ಎಂದು ಹಾಕಿ, ಎಲ್ಲವೂ ಬರುತ್ತವೆ.

ಚತುರ್ದಶಿಗೊಮ್ಮೆ ಇಡೀ ಫೋಲ್ಡರನ್ನು ಎರಡು ಪೆನ್‌ಡ್ರೈವಿಗೆ ಇಳಿಸುತ್ತೇವೆ. ಒಂದು ಇಲ್ಲಿ, ಇನ್ನೊಂದು ಕೃಷ್ಣಗಿರಿಯ ಮಗಳ ಮನೆಯಲ್ಲಿ.

ಅಣ್ಣನವರ ಕಥೆಯಲ್ಲಿ ಇನ್ನು ಹನ್ನೊಂದು ಪುಟ ತಿದ್ದುವುದಿದೆ. ಅತ್ತಿಗೆಯವರಿಗೆ ಎಪ್ಪತ್ತೆಂಟು. ಬೆಳಿಗ್ಗೆ ದರ್ಶನ ಮುಗಿಸಿ ಬಂದು ದಿನಕ್ಕೆ ಅರ್ಧ ಪುಟ ಕೂರುತ್ತಾರೆ. ನಾವು ಓದುತ್ತೇವೆ, ಅವರು ಹೆಸರು ಹೇಳುತ್ತಾರೆ.